ಓದಿನ ದಿನಗಳಲ್ಲಿ ಟ್ರೂ ಕ್ರೈಮ್ ಪಾಡ್‌ಕಾಸ್ಟ್: ಕೇಳುವುದು ಹೇಗೆ, ನಿಲ್ಲಿಸುವುದು ಯಾವಾಗ

"ಓದುತ್ತಾ ಟ್ರೂ ಕ್ರೈಮ್ ಪಾಡ್‌ಕಾಸ್ಟ್ ಕೇಳಬಹುದಾ?" "ರಾತ್ರಿ ಕೇಳಿದರೆ ನಿದ್ದೆ ಬರಲ್ಲ, ಆದರೂ ಬಿಡೋಕೆ ಆಗ್ತಿಲ್ಲ, ಏನು ಮಾಡಲಿ?" "ಕಾನೂನು ಓದುವವರಿಗೆ ಇದರಿಂದ ನಿಜವಾಗಿ ಉಪಯೋಗ ಇದೆಯಾ?" ಈ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಹೊಸಬರಿಗಾಗಿ ಎರಡು ಮಾತು. ಟ್ರೂ ಕ್ರೈಮ್ ಅಂದರೆ ನಿಜವಾಗಿ ನಡೆದ ಅಪರಾಧದ ಕಥನ. ಪಾಡ್‌ಕಾಸ್ಟ್ ಅಂದರೆ ಕಂತುಗಳಲ್ಲಿ ಬರುವ, ನಮಗೆ ಬೇಕಾದಾಗ ಕೇಳಬಹುದಾದ ಧ್ವನಿ ಕಾರ್ಯಕ್ರಮ. 2014ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ 'ಸೀರಿಯಲ್' ಶುರುವಾದ ಮೇಲೆ ಈ ಬಗೆಯ ಕಾರ್ಯಕ್ರಮಗಳಿಗೆ ದೊಡ್ಡ ಕೇಳುಗ ವರ್ಗ ಹುಟ್ಟಿಕೊಂಡಿತು. ಪತ್ರಕರ್ತೆ ಸಾರಾ ಕೇನಿಗ್ 1999ರ ಒಂದು ಕೊಲೆ ಪ್ರಕರಣವನ್ನು 12 ಕಂತುಗಳಲ್ಲಿ ಮತ್ತೆ ಕೆದಕಿ ನೋಡಿದ್ದರು. ಅದರಲ್ಲಿ ಕೊಲೆಯಾದ ಹುಡುಗಿಯೂ, ಶಿಕ್ಷೆಯಾದ ಹುಡುಗನೂ ಹೈಸ್ಕೂಲ್ ವಿದ್ಯಾರ್ಥಿಗಳು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಧಾರಾಳವಾಗಿ ಕೇಳಿ. ಇದರಿಂದ ಕಲಿಯುವುದು ತುಂಬಾ ಇದೆ. ಆದರೆ ಚೆನ್ನಾಗಿ ಹೇಳಿದ ಕತೆಯನ್ನು ಕಿವಿ ಬೇಗ ನಂಬಿಬಿಡುತ್ತದೆ. ಹಾಗಾಗಿ ಕೇಳುವಾಗಲೆಲ್ಲ "ಇದನ್ನು ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು?" ಅನ್ನುವ ಪ್ರಶ್ನೆ ಜೊತೆಗಿರಲಿ. ಕೆಳಗಿನ ಹಂತಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಇವೆ.

ಬೇಕಾಗುವುದು ಇಷ್ಟೇ: ಒಂದು ನೋಟ್‌ಬುಕ್, ಒಂದು ಪೆನ್ನು, ಡೌನ್‌ಲೋಡ್ ಸೌಲಭ್ಯ ಮತ್ತು ಸ್ಲೀಪ್ ಟೈಮರ್ ಇರುವ ಒಂದು ಆ್ಯಪ್. ಸ್ಲೀಪ್ ಟೈಮರ್ ಅಂದರೆ ನಾವು ಹೇಳಿದಷ್ಟು ನಿಮಿಷ ಆದ ಮೇಲೆ ಕಾರ್ಯಕ್ರಮವನ್ನು ತಾನೇ ನಿಲ್ಲಿಸುವ ವ್ಯವಸ್ಥೆ.

ಹಂತ 1: ಯಾಕೆ ಕೇಳುತ್ತೀರಿ ಅಂತ ಒಂದು ಸಾಲು ಬರೆಯಿರಿ

ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆಯಿರಿ. "ನ್ಯಾಯಾಲಯ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕು", "ಇಂಗ್ಲಿಷ್ ಕೇಳಿ ಅರ್ಥ ಮಾಡಿಕೊಳ್ಳುವ ಅಭ್ಯಾಸಕ್ಕೆ", "ಸುಮ್ನೆ, ಮನಸ್ಸಿಗೆ ಬದಲಾವಣೆ ಬೇಕು". ಮೂರೂ ಸರಿಯಾದ ಕಾರಣಗಳೇ. ಆದರೆ ಮನಸ್ಸಿಗೆ ಬದಲಾವಣೆ ಬೇಕು ಅಂತ ಕೇಳುವವರು ನಾಲ್ಕು ಕಂತು ಆದ ಮೇಲೆ ಇನ್ನೂ ಭಾರವಾಗಿ ಎದ್ದರೆ, ಆ ಸಾಲು ಅವರಿಗೆ ಏನೋ ಹೇಳುತ್ತಿದೆ ಅಂತ ಅರ್ಥ.

ಹಂತ 2: ಓದುವ ಹೊತ್ತು ಬೇರೆ, ಕೇಳುವ ಹೊತ್ತು ಬೇರೆ

ಮೊದಲ ಪ್ರಶ್ನೆಗೆ ನೇರ ಉತ್ತರ: ಓದುತ್ತಾ ಕೇಳಬೇಡಿ.

ಏನಾಗುತ್ತದೆ ಅಂತ ಗಮನಿಸಿ ನೋಡಿ. ಪುಸ್ತಕದಲ್ಲಿ ಒಂದು ಪ್ಯಾರಾ ಓದುತ್ತಿದ್ದೀರಿ. ಕಿವಿಯಲ್ಲಿ ನಿರೂಪಕಿ "ಆವತ್ತು ಹಿಂದಿನ ಬಾಗಿಲು ತೆರೆದೇ ಇತ್ತು" ಅನ್ನುತ್ತಾಳೆ. ಕಣ್ಣು ಸಾಲಿನ ಕೊನೆಗೆ ಬಂದಿರುತ್ತದೆ, ಆದರೆ ಏನು ಓದಿದಿರಿ ಅಂತ ನೆನಪಿರುವುದಿಲ್ಲ. ಮತ್ತೆ ಮೊದಲಿಂದ ಓದುತ್ತೀರಿ. ಅಷ್ಟರಲ್ಲಿ ಬಾಗಿಲು ಯಾರು ತೆರೆದಿದ್ದರು ಅನ್ನುವುದೂ ತಪ್ಪಿಹೋಗಿರುತ್ತದೆ. 10 ಸೆಕೆಂಡ್ ಹಿಂದಕ್ಕೆ ಒತ್ತುತ್ತೀರಿ. ಒಂದು ಗಂಟೆ ಕಳೆದರೂ ಪುಸ್ತಕ ಎರಡು ಪುಟ ಮುಂದೆ ಹೋಗಿರುವುದಿಲ್ಲ.

ಇದು ನಿಮ್ಮ ಏಕಾಗ್ರತೆಯ ದೋಷವಲ್ಲ. ಓದಿದ ಮಾತನ್ನೂ ಕೇಳಿದ ಮಾತನ್ನೂ ಮನಸ್ಸು ಒಂದೇ ಜಾಗದಲ್ಲಿ ಹಿಡಿದಿಡಬೇಕು. ಹಿನ್ನೆಲೆಯಲ್ಲಿ ಯಾರೋ ಮಾತಾಡುತ್ತಿದ್ದರೆ, ಪಟ್ಟಿಯನ್ನು ಕ್ರಮವಾಗಿ ನೆನಪಿಡುವುದು ಕಷ್ಟವಾಗುತ್ತದೆ ಅಂತ ಮನೋವಿಜ್ಞಾನಿಗಳು ಬಹಳ ಹಿಂದೆಯೇ ತೋರಿಸಿದ್ದಾರೆ. ಆ ಮಾತು ನಮಗೆ ಬಾರದ ಭಾಷೆಯಲ್ಲಿದ್ದರೂ ಹಾಗೇ ಆಗುತ್ತದೆ. ಕೊಲೆಗಾರ ಯಾರು ಅಂತ ಹೇಳುವ ಮಾತಾದರೆ ಕೇಳಬೇಕೇ?

ಹಾಗಾದರೆ ಯಾವಾಗ ಕೇಳುವುದು? ಕೈಗೆ ಕೆಲಸ ಇದ್ದು ತಲೆ ಖಾಲಿ ಇರುವಾಗ. ಬಟ್ಟೆ ಮಡಿಸುವಾಗ, ಪಾತ್ರೆ ತೊಳೆಯುವಾಗ, ಕೋಣೆ ಗುಡಿಸುವಾಗ, ಬಸ್ಸಿನಲ್ಲಿ ಕೂತಾಗ. ನಡೆಯುತ್ತಾ ಕೇಳುವುದಾದರೆ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿ, ರಸ್ತೆಯ ಸದ್ದು ಇನ್ನೊಂದಕ್ಕೆ ಬೇಕು.

ಇಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ. ಓದಿನ ನಡುವೆ 10 ನಿಮಿಷದ ಬಿಡುವು ತಗೊಂಡು, 50 ನಿಮಿಷದ ಕಂತು ಹಾಕುವುದು. ಅದು 10 ನಿಮಿಷಕ್ಕೆ ನಿಲ್ಲುವುದೇ ಇಲ್ಲ. ಸಣ್ಣ ಬಿಡುವಿಗೆ ಹಾಡು ಸಾಕು.

ಇನ್ನೊಂದು, ಆಟೋಪ್ಲೇ ಆಫ್ ಮಾಡಿ. ಒಂದು ಕಂತು ಮುಗಿದ ತಕ್ಷಣ ಮುಂದಿನದು ತಾನೇ ಶುರುವಾಗುವುದಕ್ಕೆ ಆಟೋಪ್ಲೇ ಅನ್ನುತ್ತಾರೆ. ಎಷ್ಟೋ ಕಂತುಗಳು ಮುಗಿಯುವುದೇ ಕುತೂಹಲದ ತುದಿಯಲ್ಲಿ. "ಆದರೆ ಪೊಲೀಸರಿಗೆ ಗೊತ್ತಿಲ್ಲದ ಒಬ್ಬ ಸಾಕ್ಷಿ ಇದ್ದಳು" ಅಂತ ನಿಲ್ಲಿಸಿದರೆ ಯಾರು ತಾನೇ ಫೋನ್ ಕೆಳಗಿಡುತ್ತಾರೆ? ಅದಕ್ಕೊಂದು ಉಪಾಯ ಹೇಳುತ್ತೇನೆ. ಕಂತಿನ ಕೊನೆಯಲ್ಲಿ ನಿಲ್ಲಿಸಬೇಡಿ. ಮುಂದಿನ ಕಂತಿನ ಮೊದಲ ಐದಾರು ನಿಮಿಷ ಕೇಳಿ ನಿಲ್ಲಿಸಿ. ಆ ಗಂಟು ಅಷ್ಟರಲ್ಲಿ ಸ್ವಲ್ಪ ಬಿಚ್ಚಿರುತ್ತದೆ, ಮುಂದಿನ ಗಂಟು ಇನ್ನೂ ಬಿದ್ದಿರುವುದಿಲ್ಲ. ಎದ್ದು ಹೋಗುವುದು ಸುಲಭ.

ಪರೀಕ್ಷೆಯ ತಿಂಗಳಲ್ಲಿ ಹೊಸ ಸೀಸನ್ ಶುರು ಮಾಡಲೇಬೇಡಿ. ಅರ್ಧ ಕೇಳಿದ್ದು ಇದ್ದರೆ ಕಂತಿನ ಸಂಖ್ಯೆ, ನಿಮಿಷ ಬರೆದಿಟ್ಟು ಆ್ಯಪ್‌ನಿಂದ ಡೌನ್‌ಲೋಡ್ ಅಳಿಸಿ.

ಹಂತ 3: ಯಾವುದನ್ನು ಕೇಳಬೇಕು ಅಂತ ಆರಿಸಿ

ಟ್ರೂ ಕ್ರೈಮ್ ಅಂತ ಹೆಸರಿದ್ದರೂ ಒಳಗೆ ಮೂರು ಬಗೆ ಇವೆ. ಪತ್ರಕರ್ತರು ತಾವೇ ಹೋಗಿ, ದಾಖಲೆ ತೆಗೆಸಿ, ಸಂಬಂಧಪಟ್ಟವರ ಜೊತೆ ಮಾತಾಡಿ ಮಾಡಿದ್ದು ಒಂದು. ಬೇರೆಯವರು ಬರೆದದ್ದನ್ನು ಓದಿ ಮತ್ತೆ ಹೇಳುವುದು ಇನ್ನೊಂದು. ಇಬ್ಬರು ಸ್ನೇಹಿತರು ಕೂತು ಪ್ರಕರಣದ ಬಗ್ಗೆ ಹರಟುವುದು ಮೂರನೆಯದು. ಸಮಯ ಕಡಿಮೆ ಇರುವ ವಿದ್ಯಾರ್ಥಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ.

ಅದು ಯಾಕೆ ಅನ್ನುವುದಕ್ಕೆ 'ಇನ್ ದ ಡಾರ್ಕ್' ಕಾರ್ಯಕ್ರಮದ ಎರಡನೇ ಸೀಸನ್ ಒಳ್ಳೆಯ ಉದಾಹರಣೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ವರ್ಣೀಯರನ್ನು ಒಂದೇ ಪ್ರಕರಣಕ್ಕೆ ಆರು ಬಾರಿ ವಿಚಾರಣೆಗೆ ನಿಲ್ಲಿಸಲಾಗಿತ್ತು. ಆರೂ ಬಾರಿ ಸರ್ಕಾರದ ಪರ ವಕೀಲ ಒಬ್ಬನೇ. ವರದಿಗಾರರ ತಂಡ ಆ ಊರಿನಲ್ಲಿ ತಿಂಗಳುಗಟ್ಟಲೆ ನೆಲೆಸಿ, ಹಳೆಯ ಕೋರ್ಟ್ ಕಡತಗಳನ್ನು ಒಂದೊಂದಾಗಿ ತೆಗೆದು, ಮುಖ್ಯ ಸಾಕ್ಷಿಗಳನ್ನು ಹುಡುಕಿ ಮಾತಾಡಿಸಿತು. ಕಂತುಗಳು 2018ರಲ್ಲಿ ಬಂದವು. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರಿಗೆ ಆಗಿದ್ದ ಶಿಕ್ಷೆಯನ್ನು ರದ್ದು ಮಾಡಿತು. 2020ರಲ್ಲಿ ಆರೋಪಗಳನ್ನೇ ಕೈಬಿಡಲಾಯಿತು.

ಹೊಸ ಕಾರ್ಯಕ್ರಮದ ಮೊದಲ ಎರಡು ಕಂತು ಕೇಳಿ, ಇಷ್ಟನ್ನು ಕೇಳಿಕೊಳ್ಳಿ. ಈ ಮಾಹಿತಿ ಎಲ್ಲಿಂದ ಬಂತು ಅಂತ ಹೇಳುತ್ತಾರಾ? ಸತ್ತವರ ಬದುಕಿನ ಬಗ್ಗೆ ಮಾತಾಡುತ್ತಾರಾ, ಇಲ್ಲ ಸಾವಿನ ವಿವರ ಮಾತ್ರವಾ? ತಪ್ಪಾದರೆ ಮುಂದಿನ ಕಂತಿನಲ್ಲಿ ತಿದ್ದಿ ಹೇಳುತ್ತಾರಾ? ಗಾಯದ ವರ್ಣನೆ ಮುಗಿದ ಕೂಡಲೇ ನಗುತ್ತಾ ಹಾಸಿಗೆಯ ಜಾಹೀರಾತು ಓದುವವರನ್ನು ನಾನು ಅಲ್ಲಿಗೇ ಬಿಟ್ಟುಬಿಡುತ್ತೇನೆ. ನೀವೂ ಬಿಡಬಹುದು.

ಹಂತ 4: ಕೆಲವು ಪದಗಳನ್ನು ಮೊದಲೇ ತಿಳಿದುಕೊಳ್ಳಿ

ಶಂಕಿತ, ಆರೋಪಿ, ಅಪರಾಧಿ. ಮಾತಿನಲ್ಲಿ ನಾವು ಮೂರನ್ನೂ ಬೆರೆಸಿಬಿಡುತ್ತೇವೆ. ಪೊಲೀಸರಿಗೆ ಅನುಮಾನ ಇರುವವನು ಶಂಕಿತ. ತಪ್ಪು ಮಾಡಿದ್ದಾನೆ ಅಂತ ಅಧಿಕೃತವಾಗಿ ಆರೋಪ ಹೊತ್ತವನು ಆರೋಪಿ. ನ್ಯಾಯಾಲಯ ತಪ್ಪಿತಸ್ಥ ಅಂದ ಮೇಲೆ ಮಾತ್ರ ಅಪರಾಧಿ.

ಅಲಿಬಿ ಅಂದರೆ ಘಟನೆ ನಡೆದಾಗ ತಾನು ಬೇರೆ ಕಡೆ ಇದ್ದೆ ಅನ್ನುವ ವಾದ. ಸಾಂದರ್ಭಿಕ ಸಾಕ್ಷ್ಯ ಅಂದರೆ ಯಾರೂ ಕಣ್ಣಾರೆ ನೋಡಿಲ್ಲ, ಆದರೆ ಸುತ್ತಲಿನ ಸಂಗತಿಗಳು ಒಂದು ಕಡೆಗೆ ಬೆರಳು ತೋರಿಸುತ್ತವೆ. ಅದು ದುರ್ಬಲ ಸಾಕ್ಷ್ಯ ಅಂತ ಜನ ತಿಳಿದಿದ್ದಾರೆ, ಅದು ತಪ್ಪು. ಬೆರಳಚ್ಚು, ಡಿಎನ್‌ಎ ಕೂಡ ಸಾಂದರ್ಭಿಕ ಸಾಕ್ಷ್ಯವೇ. ಕೋಲ್ಡ್ ಕೇಸ್ ಅಂದರೆ ಸುಳಿವು ಸಿಗದೆ ನಿಂತುಹೋದ ತನಿಖೆ. ಅಮೆರಿಕದ ಕಾರ್ಯಕ್ರಮಗಳಲ್ಲಿ ಪದೇ ಪದೇ ಬರುವ ಪ್ಲೀ ಡೀಲ್ ಅಂದರೆ, ಆರೋಪಿ ತಪ್ಪೊಪ್ಪಿಕೊಂಡು ಅದಕ್ಕೆ ಬದಲಾಗಿ ಕಡಿಮೆ ಶಿಕ್ಷೆ ಪಡೆಯುವ ಒಪ್ಪಂದ.

ಒಂದು ಎಚ್ಚರಿಕೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಒಂದು ದೇಶದ ಪಾಡ್‌ಕಾಸ್ಟ್‌ನಲ್ಲಿ ಕೇಳಿದ ನಿಯಮವನ್ನು ಇನ್ನೊಂದು ದೇಶದ ಕಾನೂನಿನ ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಂಡವರಿದ್ದಾರೆ.

ಹಂತ 5: ಮೂರು ಕಾಲಂನ ಪುಟ ಮಾಡಿ

ಈ ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

ಪುಟವನ್ನು ಮೂರು ಭಾಗ ಮಾಡಿ. ಮೊದಲ ಕಾಲಂ: ಹೇಳಿದ್ದೇನು. ಎರಡನೆಯದು: ಯಾರು ಹೇಳಿದರು. ಮೂರನೆಯದು: ಅವರಿಗೆ ಹೇಗೆ ಗೊತ್ತು. ಕೇಳುತ್ತಲೇ ಬರೆಯಬೇಕಾಗಿಲ್ಲ. ಕಂತು ಮುಗಿದ ಮೇಲೆ ಐದು ನಿಮಿಷ ಕೂತು, ಮುಖ್ಯ ಅನ್ನಿಸಿದ ನಾಲ್ಕೈದು ಸಂಗತಿ ಬರೆದರೆ ಸಾಕು. ಎಲ್ಲವನ್ನೂ ಬರೆಯೋಕೆ ಹೋದರೆ ಎರಡು ದಿನಕ್ಕೆ ಬಿಟ್ಟುಬಿಡುತ್ತೀರಿ.

'ಸೀರಿಯಲ್' ಪ್ರಕರಣವನ್ನೇ ತಗೊಳ್ಳೋಣ. ಶಿಕ್ಷೆಯಾದವರ ಹೆಸರು ಅದ್ನಾನ್ ಸೈಯದ್. ಅವರ ಮೊಬೈಲ್‌ಗೆ ಬಂದ ಕರೆಗಳು ಯಾವ ಟವರ್ ಮೂಲಕ ಬಂದವು ಅನ್ನುವ ದಾಖಲೆ ತೋರಿಸಿ, ಆ ಹೊತ್ತಿಗೆ ಅವರು ಶವ ಸಿಕ್ಕ ಜಾಗದ ಹತ್ತಿರ ಇದ್ದರು ಅಂತ ಸರ್ಕಾರದ ಪರ ವಕೀಲರು ವಾದಿಸಿದ್ದರು. ಮೊದಲ ಕಾಲಂನಲ್ಲಿ ಬರೆಯಿರಿ: "ಫೋನ್ ಆ ಪ್ರದೇಶದಲ್ಲಿತ್ತು." ಎರಡನೆಯದರಲ್ಲಿ: "ಸರ್ಕಾರದ ಪರ ವಕೀಲರು, ಫೋನ್ ಕಂಪನಿಯ ದಾಖಲೆ ತೋರಿಸಿ." ಮೂರನೆಯದಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಟವರ್ ದಾಖಲೆಯಿಂದ ಫೋನ್ ಎಲ್ಲಿತ್ತು ಅಂತ ಎಷ್ಟು ಖಚಿತವಾಗಿ ಹೇಳಬಹುದು? ಆ ದಾಖಲೆಯ ಜೊತೆ ಫೋನ್ ಕಂಪನಿ ಫ್ಯಾಕ್ಸ್‌ನಲ್ಲಿ ಕಳಿಸಿದ್ದ ಮೇಲು ಹಾಳೆಯಲ್ಲೇ ಒಂದು ಸೂಚನೆ ಇತ್ತು: ಹೊರಹೋದ ಕರೆಗಳು ಮಾತ್ರ ಜಾಗ ತಿಳಿಯಲು ನಂಬಲರ್ಹ, ಒಳಬಂದ ಕರೆಗಳು ಅಲ್ಲ. ವಿಚಾರಣೆಯಲ್ಲಿ ಆರೋಪಿಯ ವಕೀಲರು ಆ ಹಾಳೆಯ ಬಗ್ಗೆ ಸಾಕ್ಷಿಯನ್ನು ಪ್ರಶ್ನಿಸಲೇ ಇಲ್ಲ. 2016ರಲ್ಲಿ ಒಬ್ಬ ನ್ಯಾಯಾಧೀಶರು ಇದೇ ಕಾರಣಕ್ಕೆ ಹೊಸ ವಿಚಾರಣೆಗೆ ಆದೇಶಿಸಿದರು. ಮೂರನೇ ಕಾಲಂ ಖಾಲಿ ಉಳಿದರೆ ಎಷ್ಟು ಮುಖ್ಯವಾದ ಸಂಗತಿ ಕಣ್ತಪ್ಪಿ ಹೋಗಬಹುದು ಅಂತ ಈ ಒಂದು ಹಾಳೆ ತೋರಿಸುತ್ತದೆ, ಅಲ್ವಾ?

ಮೂರು ಬಗೆಯ ಸಾಕ್ಷ್ಯ ಬಂದಾಗ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಒಂದು, ಪ್ರತ್ಯಕ್ಷದರ್ಶಿಯ ಗುರುತಿಸುವಿಕೆ. ಅಮೆರಿಕದಲ್ಲಿ 1992ರಲ್ಲಿ ಶುರುವಾದ 'ಇನ್ನೊಸೆನ್ಸ್ ಪ್ರಾಜೆಕ್ಟ್' ಸಂಸ್ಥೆ ಡಿಎನ್‌ಎ ಪರೀಕ್ಷೆಯ ಮೂಲಕ ನಿರಪರಾಧಿಗಳನ್ನು ಬಿಡಿಸುವ ಕೆಲಸ ಮಾಡುತ್ತದೆ. ಅಂಥ ಪ್ರಕರಣಗಳಲ್ಲಿ ಅತಿ ಹೆಚ್ಚು ಸಲ ಕಾಣುವುದು ತಪ್ಪಾಗಿ ಗುರುತಿಸಿದ ಸಾಕ್ಷಿಯೇ. ಸಾಕ್ಷಿ ಸುಳ್ಳು ಹೇಳಿರಬೇಕು ಅಂತೇನಿಲ್ಲ, ನೆನಪು ಮೋಸ ಮಾಡಿರುತ್ತದೆ. ಎರಡು, ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿದ ಹಳೆಯ ಸಾಕ್ಷ್ಯ. ತನ್ನ ಪರಿಣತರು ಇಂಥ ಸಾಕ್ಷ್ಯ ಹೇಳುವಾಗ ಬಹುಪಾಲು ಪ್ರಕರಣಗಳಲ್ಲಿ ತಪ್ಪು ಹೇಳಿಕೆ ಕೊಟ್ಟಿದ್ದರು ಅಂತ 2015ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ತಾನೇ ಒಪ್ಪಿಕೊಂಡಿತು. ಮೂರು, ಹಲ್ಲಿನ ಕಚ್ಚಿದ ಗುರುತು. ಇದರ ವೈಜ್ಞಾನಿಕ ಬುನಾದಿಯನ್ನು 2009ರಲ್ಲೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಪ್ರಶ್ನಿಸಿತ್ತು.

ಹಂತ 6: ಸೀಸನ್ ಮುಗಿದ ಮೇಲೆ ಪ್ರಕರಣ ಎಲ್ಲಿದೆ ನೋಡಿ

ಪಾಡ್‌ಕಾಸ್ಟ್ ಮುಗಿಯುತ್ತದೆ, ಪ್ರಕರಣ ಮುಗಿಯುವುದಿಲ್ಲ. ಸೈಯದ್ ಪ್ರಕರಣವನ್ನೇ ನೋಡಿ. 2016ರ ಆ ಆದೇಶವನ್ನು 2019ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ನಿಲ್ಲಲು ಬಿಡಲಿಲ್ಲ. 2022ರಲ್ಲಿ ಶಿಕ್ಷೆಯ ತೀರ್ಪು ರದ್ದಾಗಿ ಅವರು ಹೊರಬಂದರು. 2023ರಲ್ಲಿ ಅದೇ ತೀರ್ಪು ಮತ್ತೆ ಜಾರಿಗೆ ಬಂತು. 2025ರಲ್ಲಿ ಶಿಕ್ಷೆಯ ಅವಧಿಯನ್ನು ಆಗಲೇ ಕಳೆದ ವರ್ಷಗಳಿಗೆ ಇಳಿಸಿದರು, ಅಪರಾಧಿ ಅನ್ನುವ ತೀರ್ಪು ಮಾತ್ರ ಹಾಗೇ ಉಳಿಯಿತು. 2014ರ ಕಂತು ಕೇಳಿ ಅಲ್ಲಿಗೇ ನಿಂತವರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ.

2023ರಲ್ಲಿ ತೀರ್ಪು ಮರಳಿದ್ದಕ್ಕೆ ಕಾರಣ ಏನು ಗೊತ್ತಾ? 2022ರ ವಿಚಾರಣೆಯ ಬಗ್ಗೆ ಸತ್ತ ಹುಡುಗಿಯ ಕುಟುಂಬಕ್ಕೆ ಸರಿಯಾಗಿ ಮುಂಚೆ ತಿಳಿಸಿರಲಿಲ್ಲ, ಬಂದು ಕೂರುವ ಅವಕಾಶ ಕೊಟ್ಟಿರಲಿಲ್ಲ ಅನ್ನುವುದು. ಕೇಳುಗರೆಲ್ಲ ಸೈಯದ್ ಬಗ್ಗೆಯೇ ಮಾತಾಡುತ್ತಿದ್ದಾಗ ಆ ಕುಟುಂಬವೂ ಅಲ್ಲೇ ಇತ್ತು.

ಆಸ್ಟ್ರೇಲಿಯಾದ 'ದ ಟೀಚರ್ಸ್ ಪೆಟ್' ಇನ್ನೊಂದು ಪಾಠ. 1982ರಲ್ಲಿ ಕಾಣೆಯಾದ ಮಹಿಳೆಯೊಬ್ಬರ ಬಗ್ಗೆ 2018ರಲ್ಲಿ ಬಂತು, ಲಕ್ಷಾಂತರ ಜನ ಕೇಳಿದರು. ಗಂಡನ ಬಂಧನವಾಯಿತು. ಆಮೇಲೆ, ವಿಚಾರಣೆಗೆ ಧಕ್ಕೆಯಾಗಬಾರದು ಅಂತ ಆ ದೇಶದಲ್ಲಿ ಕಂತುಗಳನ್ನು ತೆಗೆಯಬೇಕಾಯಿತು. ಕೊನೆಗೆ ಜ್ಯೂರಿ ಇಲ್ಲದೆ, ಅಂದರೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಗುಂಪಿಲ್ಲದೆ, ನ್ಯಾಯಾಧೀಶರೊಬ್ಬರೇ ವಿಚಾರಣೆ ನಡೆಸಿದರು. 2022ರಲ್ಲಿ ಗಂಡ ಅಪರಾಧಿ ಅಂತ ತೀರ್ಪಾಯಿತು.

ಹಂತ 7: ಪತ್ತೇದಾರಿಕೆಗೆ ಇಳಿಯಬೇಡಿ

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟವಾದಾಗ, ಅಂತರ್ಜಾಲದಲ್ಲಿ ಜನ ಫೋಟೊಗಳನ್ನು ಹೋಲಿಸಿ ಒಬ್ಬ ಕಾಲೇಜು ವಿದ್ಯಾರ್ಥಿಯ ಹೆಸರು ಹೇಳಿದರು. ಆ ಹುಡುಗ ಸುಮಾರು ಒಂದು ತಿಂಗಳಿಂದ ಕಾಣೆಯಾಗಿದ್ದ. ಮನೆಯವರು ಅವನನ್ನು ಹುಡುಕುತ್ತಿದ್ದರು. ಮಗ ಸಿಕ್ಕಿದನಾ ಅಂತ ಕಾಯುತ್ತಿದ್ದವರಿಗೆ, ಮಗ ಬಾಂಬ್ ಇಟ್ಟಿದ್ದಾನೆ ಅನ್ನುವ ನಿಂದನೆಗಳು ಬಂದವು. ಕೆಲವೇ ದಿನಗಳಲ್ಲಿ ಅವನ ಶವ ಸಿಕ್ಕಿತು. ಅವನಿಗೂ ಸ್ಫೋಟಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಆದ್ದರಿಂದ ಪ್ರಕರಣದಲ್ಲಿ ಹೆಸರು ಬಂದವರ ಖಾತೆಗಳನ್ನು ಹುಡುಕಬೇಡಿ, ಅವರಿಗೆ ಸಂದೇಶ ಕಳಿಸಬೇಡಿ. "ನನಗನ್ನಿಸುತ್ತೆ ಇವನೇ ಮಾಡಿದ್ದು" ಅಂತ ಸ್ನೇಹಿತರ ಗುಂಪಿಗೂ ಹಾಕಬೇಡಿ, ಸ್ಕ್ರೀನ್‌ಶಾಟ್ ಎಲ್ಲಿಗೆ ಹೋಗುತ್ತದೆ ಅಂತ ಹೇಳೋಕಾಗಲ್ಲ. ನಿಜವಾಗಿ ನಿಮಗೇನಾದರೂ ಗೊತ್ತಿದ್ದರೆ ಅದು ಹೋಗಬೇಕಾದ್ದು ಪೊಲೀಸರಿಗೆ.

ಇದರ ಜೊತೆಗೇ ಸೇರಿದ ಒಂದು ಚಿಕ್ಕ ಅಭ್ಯಾಸ. ಕಂತು ಮುಗಿದ ಮೇಲೆ, ಸತ್ತವರ ಬಗ್ಗೆ ನಿಮಗೆ ಗೊತ್ತಾದ ಮೂರು ವಿಷಯ ಬರೆಯಿರಿ: ಏನು ಓದುತ್ತಿದ್ದರು, ಯಾವುದರಲ್ಲಿ ಆಸಕ್ತಿ, ಯಾರ ಜೊತೆ ಒಡನಾಟ. ಸಾವಿನ ರೀತಿ ಬಿಟ್ಟು ಬೇರೆ ಏನೂ ಬರೆಯೋಕೆ ಸಿಗದಿದ್ದರೆ ಆ ಕಾರ್ಯಕ್ರಮದ ಬಗ್ಗೆ ಮತ್ತೊಮ್ಮೆ ಯೋಚಿಸಿ.

ಹಂತ 8: ರಾತ್ರಿ ಮತ್ತು ಭಯ

ಮಲಗುವ ಒಂದು ಗಂಟೆ ಮುಂಚೆ ನಿಲ್ಲಿಸಿ. ಎದೆ ಬಡಿತ ಏರಿಸುವ ಕತೆ ಕೇಳಿ ಮೈ ಎಚ್ಚರವಾಗಿರುವಾಗ ಕಣ್ಣು ಮುಚ್ಚಿದರೂ ನಿದ್ದೆ ಹತ್ತುವುದಿಲ್ಲ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಹಾಗಾಗಿ ನಷ್ಟ ಎರಡು ಪಟ್ಟು. ಯಾವುದಾದರೂ ದನಿ ಕೇಳದೆ ನಿದ್ದೆ ಬರುವುದಿಲ್ಲ ಅನ್ನುವವರು ವಿಷಯ ಬದಲಿಸಿ. ಇತಿಹಾಸ, ಹಕ್ಕಿಗಳು, ಅಡುಗೆ, ಏನಾದರೂ. 20 ನಿಮಿಷದ ಸ್ಲೀಪ್ ಟೈಮರ್ ಹಾಕಿ.

ಭಯದ ಬಗ್ಗೆ ಜಾಸ್ತಿ ಹೇಳಬೇಕು. ಸಂವಹನ ಅಧ್ಯಯನದ ಜಾರ್ಜ್ ಗರ್ಬ್ನರ್ ಟಿವಿ ನೋಡುಗರ ಬಗ್ಗೆ 1970ರ ದಶಕದಲ್ಲಿ ಒಂದು ವಿಚಾರ ಮುಂದಿಟ್ಟರು. ಹಿಂಸೆಯ ಕಾರ್ಯಕ್ರಮಗಳನ್ನು ಹೆಚ್ಚು ಹೊತ್ತು ನೋಡುವವರಿಗೆ ಜಗತ್ತು ಇರುವುದಕ್ಕಿಂತ ಜಾಸ್ತಿ ಅಪಾಯಕಾರಿಯಾಗಿ ಕಾಣುತ್ತದೆ ಅಂತ. ಪಾಡ್‌ಕಾಸ್ಟ್‌ನಲ್ಲೂ ಗಮನಿಸಬೇಕಾದ ಮಾತು ಇದು. ಇಲ್ಲಿಗೆ ಬರುವುದು ಅಪರೂಪದ, ವಿಚಿತ್ರವಾದ ಪ್ರಕರಣಗಳು. ದಿನಾ ಕೇಳಿದಾಗ ಅಪರೂಪದ್ದೇ ಮಾಮೂಲಿ ಅನ್ನಿಸತೊಡಗುತ್ತದೆ.

ಈ ಲಕ್ಷಣ ಕಂಡರೆ ಎರಡು ವಾರ ಪೂರ್ತಿ ಬಿಡಿ: ಬಾಗಿಲ ಚಿಲಕವನ್ನು ಮೂರು ಮೂರು ಸಲ ನೋಡುವುದು, ಮೊದಲು ಒಬ್ಬರೇ ಹೋಗುತ್ತಿದ್ದ ಜಾಗಕ್ಕೆ ಹೋಗೋಕೆ ಹೆದರುವುದು, ಕತೆ ಕನಸಿಗೆ ಬರುವುದು, ಘೋರ ವಿವರ ಕೇಳಿದರೂ ಏನೂ ಅನ್ನಿಸದಿರುವುದು. ಕೊನೆಯದನ್ನು ಜನ ಧೈರ್ಯ ಅಂದುಕೊಳ್ಳುತ್ತಾರೆ. ಮನಸ್ಸು ದಣಿದಾಗಲೂ ಹಾಗಾಗುತ್ತದೆ. ಬಿಟ್ಟ ಮೇಲೂ ಕಡಿಮೆಯಾಗದಿದ್ದರೆ ಕಾಲೇಜಿನ ಆಪ್ತ ಸಮಾಲೋಚಕರ ಹತ್ತಿರ ಮಾತಾಡಿ. ಪಾಡ್‌ಕಾಸ್ಟ್ ಕೇಳಿ ಹೀಗಾಯಿತು ಅಂತ ಹೇಳೋಕೆ ಯಾವ ಸಂಕೋಚವೂ ಬೇಡ.

ನಿಮ್ಮ ಬದುಕಿನಲ್ಲೇ ಹಿಂಸೆ ಆಗಿದ್ದರೆ, ಆ ಬಗೆಯ ಕಂತನ್ನು ಪೂರ್ತಿ ಕೇಳಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಕಂತಿನ ವಿವರಣೆಯಲ್ಲಿ ಎಷ್ಟೋ ಸಲ ಮುನ್ನೆಚ್ಚರಿಕೆಯ ಸಾಲು ಇರುತ್ತದೆ, ಅದನ್ನು ಮೊದಲು ಓದಿ. ಮಧ್ಯದಲ್ಲಿ ಮೈ ಬೆವರಿದರೆ ಇಯರ್‌ಫೋನ್ ತೆಗೆದು ಎದ್ದು ನಡೆಯಿರಿ.

ಹಂತ 9: ಓದಿಗೆ ಬಳಸಿಕೊಳ್ಳುವುದು

ಇನ್ನು ಮೂರನೇ ಪ್ರಶ್ನೆ. ಹೌದು, ಉಪಯೋಗ ಇದೆ. ಆದರೆ ಪಾಡ್‌ಕಾಸ್ಟ್ ನಿಮ್ಮನ್ನು ದಾಖಲೆಯ ಬಾಗಿಲಿಗೆ ಕರೆದೊಯ್ಯುತ್ತದೆ ಅಷ್ಟೇ, ಒಳಗೆ ಹೋಗಬೇಕಾದವರು ನೀವು.

ಕಾನೂನು ಓದುವವರು ಫ್ಲವರ್ಸ್ ಪ್ರಕರಣದ ಕಂತು ಕೇಳಿದ ಮೇಲೆ 2019ರ ಸುಪ್ರೀಂ ಕೋರ್ಟ್ ತೀರ್ಪು ತೆರೆಯಿರಿ. ಅದು ಆ ನ್ಯಾಯಾಲಯದ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಆರು ವಿಚಾರಣೆಗಳಲ್ಲಿ ಸರ್ಕಾರದ ಪರ ವಕೀಲ ತೆಗೆದುಹಾಕಲು ಸಾಧ್ಯವಿದ್ದ 42 ಕಪ್ಪು ವರ್ಣೀಯ ಜ್ಯೂರಿ ಅಭ್ಯರ್ಥಿಗಳಲ್ಲಿ 41 ಜನರನ್ನು ತೆಗೆದಿದ್ದ ಅನ್ನುವುದನ್ನು ಅಲ್ಲೇ ಓದಬಹುದು. ಕಿವಿಯಲ್ಲಿ ಕೇಳಿದ ಸಂಖ್ಯೆಯನ್ನು ತೀರ್ಪಿನಲ್ಲಿ ಕಣ್ಣಾರೆ ನೋಡಿದಾಗ ಅದು ನಿಮ್ಮದಾಗುತ್ತದೆ.

ಜೀವಶಾಸ್ತ್ರದವರಿಗೆ ಕ್ಯಾಲಿಫೋರ್ನಿಯಾದ 'ಗೋಲ್ಡನ್ ಸ್ಟೇಟ್ ಕಿಲ್ಲರ್' ಎಂಬ ಸರಣಿ ಕೊಲೆಗಾರನ ಪ್ರಕರಣ ಇದೆ. 1970, 80ರ ದಶಕಗಳ ಅಪರಾಧಗಳಿಗೆ 2018ರಲ್ಲಿ ಬಂಧನವಾಯಿತು. ಹಳೆಯ ಪ್ರಕರಣದಲ್ಲಿ ಸಿಕ್ಕಿದ್ದ ಡಿಎನ್‌ಎಯನ್ನು, ದೂರದ ಸಂಬಂಧಿಕರು ವಂಶಾವಳಿ ಹುಡುಕಲು ಅಂತರ್ಜಾಲದಲ್ಲಿ ಹಾಕಿದ್ದ ಡಿಎನ್‌ಎ ಮಾಹಿತಿಯ ಜೊತೆ ಹೋಲಿಸಿ, ವಂಶವೃಕ್ಷ ಬಿಡಿಸುತ್ತಾ ಬಂದು ಅವನನ್ನು ತಲುಪಿದರು. ಅದರ ಬೆನ್ನಿಗೇ ಖಾಸಗಿತನದ ಚರ್ಚೆ ಎದ್ದಿತು. ಒಬ್ಬರು ಕೊಟ್ಟ ಡಿಎನ್‌ಎ ಇಡೀ ಕುಟುಂಬದ ಗುಟ್ಟನ್ನು ಹೇಳುತ್ತದೆ. ಸೆಮಿನಾರ್‌ಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕಾ?

ಪ್ರಬಂಧದಲ್ಲಿ ಬಳಸುವಾಗ ಕಾರ್ಯಕ್ರಮದ ಹೆಸರು, ಕಂತಿನ ಸಂಖ್ಯೆ, ಪ್ರಸಾರದ ದಿನಾಂಕ, ಆ ಮಾತು ಬರುವ ನಿಮಿಷ, ನಾಲ್ಕನ್ನೂ ಬರೆಯಿರಿ. ಟ್ರಾನ್ಸ್‌ಕ್ರಿಪ್ಟ್, ಅಂದರೆ ಕಂತಿನ ಮಾತುಗಳ ಬರಹ ರೂಪ, ಇದ್ದರೆ ಅದನ್ನು ನೋಡಿಯೇ ಉಲ್ಲೇಖಿಸಿ. ತಾನಾಗಿ ತಯಾರಾದ ಟ್ರಾನ್ಸ್‌ಕ್ರಿಪ್ಟ್ ಹೆಸರುಗಳನ್ನು ತಪ್ಪಾಗಿ ಬರೆಯುತ್ತದೆ, ಕೆಲವೊಮ್ಮೆ 'ಇಲ್ಲ' ಅನ್ನುವ ಪದವನ್ನೇ ನುಂಗಿಬಿಡುತ್ತದೆ. ಸಾಕ್ಷಿ "ನೋಡಲಿಲ್ಲ" ಅಂದದ್ದು "ನೋಡಿದೆ" ಆದರೆ ನಿಮ್ಮ ಇಡೀ ವಾದ ತಲೆಕೆಳಗಾಗುತ್ತದೆ. ಆ ಸಾಲನ್ನು ಇನ್ನೊಮ್ಮೆ ಕಿವಿಯಲ್ಲಿ ಕೇಳಿ, ಆಮೇಲೆ ಬರೆಯಿರಿ.